ಬನಿಯನ್ನಿನ ಕಲೆ

ಅಕ್ಕಾ,

ಇವತ್ತಿನ ಅರಿಶಿನ ಶಾಸ್ತ್ರ ನಿಲ್ಲಿಸು. ಅಷ್ಟು ಹೆಂಗಸರ ಮುಂದೆ ನಾನು ಅಂಗಿ ಬಿಚ್ಚುವುದಿಲ್ಲ. ಮೊದಲ ಬಸ್ಸಿಗೆ ಚಿಕ್ಕಮಗಳೂರಿನ ಆಸ್ಪತ್ರೆಗೆ ಹೋಗುತ್ತಿದ್ದೇನೆ.

‘ಬೋಳುತಲೆಗೆ ಯಾರು ಹೆಣ್ಣು ಕೊಡ್ತಾರೆ ಮಾರಾಯ’ ಅಂತ ನೀನು ದಿನಾ ಹೇಳಿದ್ದಕ್ಕೆ ಕೂದಲಿನ ಮಾತ್ರೆ ನುಂಗಿದೆ. ಕೂದಲು ಉದುರುವುದು ನಿಂತಿತು, ಎದೆ ಹೆಂಗಸರ ಹಾಗೆ ಬೆಳೆಯಿತು. ಮಾತ್ರೆ ಬಿಟ್ಟು ಆರು ತಿಂಗಳಾಯಿತು. ಬಲಗಡೆ ಇಳಿದಿದೆ. ಎಡಗಡೆ ಒಂದು ಗಂಟು ಕಲ್ಲಿನ ಹಾಗೆ ಉಳಿದಿದೆ. ಅದೂ ಮಾತ್ರೆಯದೇ ಅಂದುಕೊಂಡು ನಾಚಿಕೆಗೆ ಸುಮ್ಮನಿದ್ದೆ.

ಹುಡುಗಿ ಮನೆಯವರಿಗೆ ಜ್ವರ ಅಂತ ಸುಳ್ಳು ಹೇಳಬೇಡ. ಫೋನ್ ಮಾಡಿ ನಿಜ ಹೇಳು. ಅತ್ತುಕೊಂಡು ಕೂರಬೇಡ, ತಿಂಡಿ ತಿಂದು ಬಿಪಿ ಮಾತ್ರೆ ತಗೋ.

ಬಕೆಟ್ಟಿನಲ್ಲಿ ನೆನೆಸಿದ ಬನಿಯನ್ ನೀನು ತೊಳೆಯಬೇಡ. ಅದರ ಎಡ ಎದೆಯ ಮೇಲಿನದನ್ನು ಇಷ್ಟು ದಿನ ಅಡಿಕೆ ಬೇಯಿಸಿದ ಚೊಗರಿನ ಕಲೆ ಅನ್ನುತ್ತಿದ್ದೆನಲ್ಲ, ಅದು ರಕ್ತ.

ನಾಗೇಂದ್ರ