ಒಮ್ಮೆ ಪಾಪರಾದವನಿಗೆ ಸಾಲವಿಲ್ಲವೆಂದ ಬ್ಯಾಂಕ್ ಏಜೆಂಟರಿಗೆ

ಮಾನ್ಯರೇ,

ಹೋದ ತಿಂಗಳು ನೀವು ಮುಖ್ಯಸ್ಥರಾಗಿರುವ ಕೊಳ್ಳೇಗಾಲದ ಶಾಖೆಯಲ್ಲಿ ನನ್ನ ಸಾಲದ ಅರ್ಜಿಯನ್ನು ಎರಡೇ ನಿಮಿಷದಲ್ಲಿ ಹಿಂದಕ್ಕೆ ತಳ್ಳಿದಿರಿ. ಸರ್ಕಾರಿ ಕೆಲಸ ನಿಧಾನವೆನ್ನುವವರ ಬಾಯಿ ಮುಚ್ಚಿಸಿದ್ದಕ್ಕೆ ಮೊದಲು ಅಭಿನಂದನೆ. ರಾಷ್ಟ್ರೀಕರಣದಿಂದ ಬ್ಯಾಂಕು ಜನರದಾಗಿ ನಾಲ್ಕು ವರ್ಷವಾಯಿತೆಂದು ನಿಮ್ಮ ಗೋಡೆಯ ಮೇಲೆ ಬರೆಸಿದ್ದೀರಿ. ಆ ಜನರಲ್ಲಿ ನಾನು ಸೇರುತ್ತೇನೋ ಇಲ್ಲವೋ ಎಂದು ಕೇಳಲು ಈ ಪತ್ರ.

ನಾನು ಯಾರೆಂದು ಓದುವವರಿಗೂ ತಿಳಿಯಲಿ. 1961ರಿಂದ ಕೊಳ್ಳೇಗಾಲ, ಹನೂರು, ಅಜ್ಜೀಪುರದ ದಾರಿಯಲ್ಲಿ ನನ್ನದೊಂದು ಬಸ್ಸು ಓಡುತ್ತಿತ್ತು. ಒಂದು ಸಾಲದೆ ಎರಡನೆಯದು ಬೇಕೆನಿಸಿತು. "ಇರೋದು ನೆಟ್ಗೆ ಓಡ್ಲಿ, ಇನ್ನೊಂದ್ಯಾಕೆ?" ಎಂದಳು ಹೆಂಡತಿ ಚನ್ನಾಜಮ್ಮ. ಬಸ್ಸಿನ ವಿಚಾರ ಹೆಂಗಸರಿಗೇನು ಗೊತ್ತು ಎಂದೆ. ಸಾಲ ಮಾಡಿ ತಂದ ಹಳೆಯ ಬಸ್ಸು ಮೂರು ತಿಂಗಳಲ್ಲಿ ಎರಡು ಸಲ ಎಂಜಿನ್ ಕೆಡಿಸಿಕೊಂಡಿತು. ಅದರ ಜೊತೆಗೆ ಒಳ್ಳೆಯ ಬಸ್ಸೂ ಹರಾಜಾಯಿತು. 1966ರಲ್ಲಿ ಮೈಸೂರಿನ ಕೋರ್ಟು ನನ್ನನ್ನು ದಿವಾಳಿಯೆಂದು ಸಾರಿತು. ಊರಿನ ಮಾತಿನಲ್ಲಿ, ಪಾಪರಾದೆ. ತಪ್ಪು ನನ್ನದೇ.

ಎರಡು ವರ್ಷದ ಮೇಲೆ ಅದೇ ಕೋರ್ಟು ಬಿಡುಗಡೆ ಕೊಟ್ಟಿತು. "ಇನ್ನು ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲ" ಎಂದರು ವಕೀಲರು. ನಿಜ. ಆದರೆ ಕಾನೂನು ಸಂತೆಗೆ ಬರುವುದಿಲ್ಲ, ನಾನು ಹೋಗಬೇಕು. ಅಲ್ಲಿ ಹೊನ್ನೂರಿನ ಪುಟ್ಟಮಲ್ಲಮ್ಮ ತೆಂಗಿನಕಾಯಿ ರಾಶಿ ಹಾಕಿಕೊಂಡು ಕೂತಿರುತ್ತಾರೆ. ಗಂಡ ಸತ್ತ ಮೇಲೆ ಕಾಯಿ ಮಾರಿ ಕೂಡಿಸಿದ ಆರುನೂರು ರೂಪಾಯಿಯನ್ನು ನನ್ನ ಬಸ್ಸಿಗೆ ಕೊಟ್ಟು ಕಳೆದುಕೊಂಡವರು. ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಮಾಲೀಕನಾಗಿ ಓಡಾಡಿದ ದಾರಿಯಲ್ಲೇ ಬೇರೆಯವರ ಬಸ್ಸಿನಲ್ಲಿ ಟಿಕೆಟ್ ಹರಿದೆ. "ಯಜಮಾನ್ರೇ, ಚಿಲ್ರೆ ಕೊಡಿ" ಎಂದು ನಗುವವರು ನಕ್ಕರು. ಚನ್ನಾಜಮ್ಮ ಹಸು ಕಟ್ಟಿ ಹಾಲು ಮಾರಿದಳು, ತವರಿನಿಂದ ಬಂದ ಅರ್ಧ ಎಕರೆಯನ್ನೂ ಮಾರಿದಳು. ಐದು ವರ್ಷದಲ್ಲಿ ಹನ್ನೊಂದು ಮಂದಿಯ ಸಾಲ ತೀರಿತು. ಮೊದಲು ಕೊಟ್ಟದ್ದು ಪುಟ್ಟಮಲ್ಲಮ್ಮನವರಿಗೆ. ಅವರು ನೋಟುಗಳನ್ನು ಎಣಿಸದೆ ಸೆರಗಿಗೆ ಕಟ್ಟಿಕೊಂಡು, "ಉಂಡಿದ್ದೀಯೇನಪ್ಪಾ?" ಎಂದು ಕೇಳಿದರು.

ಈಗ ಹನೂರಿನಲ್ಲಿ ಟೈರು ರಿಪೇರಿ ಅಂಗಡಿ ಇಡಬೇಕೆಂದು, ಗಾಳಿ ತುಂಬುವ ಯಂತ್ರಕ್ಕೆ ಮೂರು ಸಾವಿರ ಕೇಳಿದೆ. "ಎಂದಾದರೂ ದಿವಾಳಿಯಾಗಿದ್ದೀರಾ?" ಎಂದಿತು ನಿಮ್ಮ ಫಾರಂ. "ಹೌದು" ಎಂದು ಬರೆದೆ. ಮೂರು ಮನೆ ಮುಳುಗಿಸಿಯೂ ಕೋರ್ಟಿನ ಮೆಟ್ಟಿಲು ಹತ್ತದ ಮಹಾನುಭಾವರೊಬ್ಬರು ಅದೇ ದಿನ ಲಾರಿ ಸಾಲ ಪಡೆದು ನಿಮ್ಮೊಡನೆ ಕಾಫಿ ಕುಡಿದರು. ಅವರು "ಇಲ್ಲ" ಎಂದು ಬರೆದಿದ್ದರು. ಅದೂ ಸುಳ್ಳಲ್ಲ!

"ಮೂರು ವರ್ಷದೊಳಗೆ ಯಾವುದಾದರೂ ಬ್ಯಾಂಕಿನ ಸಾಲ ತೀರಿಸಿದ ದಾಖಲೆ ತನ್ನಿ, ಆಮೇಲೆ ಕೊಡೋಣ" ಎಂದಿರಿ. ಬ್ಯಾಂಕು ಸಾಲವನ್ನೇ ಕೊಡದಿದ್ದರೆ ತೀರಿಸುವುದು ಹೇಗೆ ಸ್ವಾಮಿ? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಿಯಮವೆಂದು ಅಚ್ಚು ಹಾಕಿಸಿದವರು ಯಾರು?

ನನ್ನ ಪರವಾಗಿ ಹೇಳಲು ಪುಟ್ಟಮಲ್ಲಮ್ಮನವರೇ ಬಂದಿದ್ದರು. "ನನ್ ದುಡ್ಡ ಮುಳುಗಿಸ್ದೋನೂ ಇವ್ನೇ ಸಾ, ಕೇಳ್ದೇ ಇದ್ರೂ ತಂದ್ಕೊಟ್ಟೋನೂ ಇವ್ನೇ. ಇನ್ಯಾವ ಸಾಕ್ಸಿ ಬೇಕು ನಿಮ್ಗೆ?"

"ಅಜ್ಜಿ, ಬಾಯಿಮಾತೆಲ್ಲ ಇಲ್ಲಿ ನಡೆಯೋದಿಲ್ಲ" ಎಂದಿರಿ.

"ಅಂಗಾರೆ ನನ್ ದುಡ್ಡ ಕೊಟ್ಬುಡಿ, ಓಯ್ತೀನಿ."

ನಿಮ್ಮಲ್ಲೇ ಇಟ್ಟಿದ್ದ ಸಾವಿರದ ನಾನೂರು ರೂಪಾಯಿ ತೆಗೆಯಲು ಅವರು ಹೆಬ್ಬೆಟ್ಟು ಒತ್ತಿದರು. ಅದು ಅವರದ್ದೇ ಎಂದು ನೀವೇ ಸಹಿ ಹಾಕಿದಿರಿ. ಹೆಬ್ಬೆಟ್ಟನ್ನು ನಂಬಬಹುದು, ಅದರ ಒಡತಿಯನ್ನು ಮಾತ್ರ ನಂಬಬಾರದು ಎಂದಾಯಿತು. ಮೆಟ್ಟಿಲಿಳಿಯುತ್ತಲೇ ಅಷ್ಟನ್ನೂ ನನ್ನ ಕೈಗಿಟ್ಟರು. ಬೇಡವೆಂದೆ. "ಒಂದ್ಸಲ ಬಿದ್ದೋನು ನೋಡ್ಕಂಡು ನಡೀತಾನೆ. ತಕಾ" ಎಂದರು. ಐವತ್ತು ವರ್ಷದ ನಾನು ಬೀದಿಯಲ್ಲಿ ನಿಂತು ಅತ್ತೆ.

ಆ ಹಣದಲ್ಲಿ ಅಂಗಡಿ ತೆರೆದಿದ್ದೇನೆ. ಯಂತ್ರಕ್ಕೆ ಸಾಲಲಿಲ್ಲ. ಲಾರಿ ಟೈರಿಗೂ ಕೈಪಂಪಿನಲ್ಲೇ ಗಾಳಿ ಹೊಡೆಯುತ್ತೇನೆ. ಸಂಜೆಗೆ ತೋಳು ಎತ್ತಲಾಗುವುದಿಲ್ಲ. ಆದರೂ ನಿಮ್ಮ ಜಾಣ್ಮೆಯನ್ನು ಹೊಗಳಬೇಕು. ನೀವು ಮಾಡಬೇಕಾದ ಕೆಲಸವನ್ನು ಅರವತ್ತೈದರ ಮುದುಕಿಯಿಂದ ಸಂಬಳವಿಲ್ಲದೆ ಮಾಡಿಸಿದಿರಿ. ನಾಳೆ ಅವರು ಹಾಸಿಗೆ ಹಿಡಿದರೆ ಔಷಧಿಗೆ ಯಾರ ಬಳಿ ಹೋಗಬೇಕು? ಈ ಯೋಚನೆಯೇ ನನ್ನನ್ನು ಕೊರೆಯುತ್ತಿದೆ.

ಅದಕ್ಕೇ ಮತ್ತೆ ಅರ್ಜಿ ಹಾಕಿದ್ದೇನೆ, ಅದೇ ಫಾರಂನಲ್ಲಿ, ಅದೇ "ಹೌದು" ಬರೆದು. ಕೋರ್ಟಿನ ಬಿಡುಗಡೆ ಪತ್ರವನ್ನೂ ಹನ್ನೊಂದು ಮಂದಿಯ ರಸೀತಿಗಳನ್ನೂ ಲಗತ್ತಿಸಿದ್ದೇನೆ. ಈ ಸಲ ದಯವಿಟ್ಟು ಓದಿ. ಕೊಡುವುದಾದರೆ ಕೊಡಿ. ಇಲ್ಲವೆನ್ನುವುದಾದರೆ ಕಾರಣ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕಳಿಸಿ. ಬಾಯಿಮಾತು ನನ್ನ ಅಂಗಡಿಯಲ್ಲೂ ನಡೆಯುವುದಿಲ್ಲ.

ಇಂತಿ,
ಕೋರ್ಟು ಬಿಟ್ಟರೂ ಬ್ಯಾಂಕು ಬಿಡದ
ಶಿವರುದ್ರಸ್ವಾಮಿ
ಟೈರು ರಿಪೇರಿ, ಹನೂರು
1973