ಹಸಿರು ಗುರುತು

ಅತ್ತಿಗೆಗೆ ನಮಸ್ಕಾರ,

ಲಾಂಡ್ರಿ ಕಂಪ್ಯೂಟರಿಗೆ ನಾನು ಬರೆದ ಪ್ರೋಗ್ರಾಂ ಇನ್ನುಮೇಲೆ ಹಸಿರು ಗುರುತು ತೋರಿಸಲು ಕೊಂಚ ತಡಮಾಡುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ. ಮೊದಲು ಅದು ಟೋಕನ್ ಸಂಖ್ಯೆಯನ್ನು ಡೇಟಾಬೇಸಿನ ಕೈಗಿತ್ತು, ಅದಿನ್ನೂ ಬರೆದುಕೊಳ್ಳುವ ಮುಂಚೆಯೇ ಹಸಿರು ತೋರಿಸಿ ‘ಬರೆದಾಯಿತು’ ಎನ್ನುತ್ತಿತ್ತು. ಕಾಯಬೇಕೆಂದು ನಾನು ಅದಕ್ಕೆ ಹೇಳಿರಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋದರೆ ಯಾರದೆಂಬ ದಾಖಲೆಯೇ ಇಲ್ಲದೆ ಆ ಬಟ್ಟೆ ಅನಾಥ.

ಟೀಚರಮ್ಮನ ತೀರಿಹೋದ ಯಜಮಾನರ ಕೋಟು ಹಾಗೆಯೇ ಹಳೇಬಟ್ಟೆಯವನ ಪಾಲಾಯಿತು. ‘ಎಲ್ಲಿತ್ತೇ ನಿನ್ ಜ್ಞಾನ?’ ಎಂದು ಅಣ್ಣ ಗಿರಾಕಿಗಳೆದುರೇ ರೇಗಿದಾಗ ನೀವು, ‘ಹಸಿರು ಬಂದಿತ್ತಲ್ರೀ’ ಅಂದಿರಿ. ನಾನು ಪಕ್ಕದಲ್ಲೇ ಇಸ್ತ್ರಿಪೆಟ್ಟಿಗೆಯ ವೈರು ಸುತ್ತುತ್ತಿದ್ದೆ. ತಪ್ಪು ನನ್ನ ಪ್ರೋಗ್ರಾಮಿನದೆಂದು ನನಗಾಗಲೇ ಗೊತ್ತಾಗಿತ್ತು.

ಭಾನುವಾರ ಬಂದು ಅಣ್ಣನಿಗೆ ಹೇಳುತ್ತೇನೆ. ನೀವು ಮತ್ತೆ ಕೌಂಟರಿಗೆ ಬನ್ನಿ. ನಾನು ಹೇಳಿ ಮುಗಿಸುವವರೆಗೆ ಮಾತ್ರ ಈ ಮಾತಿಗೆ ಹಸಿರು ಗುರುತು ಹಾಕಬೇಡಿ.

ನಿಮ್ಮ ಮೈದುನ