ಮುಚ್ಚಬಾರದಿದ್ದ ಗೇಟು

ಬ್ರಾಡ್‌ಫರ್ಡ್
೯ ಜುಲೈ ೧೯೬೪

ಪ್ರೀತಿಯ ವಿನಿ,

ಮೊದಲು ಖರ್ಚು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕತೆ ಓದದೆ ಅದನ್ನೇ ಹುಡುಕುತ್ತೀಯೆ. ಡೀಸೆಲ್ಲಿಗೆ ಮೂರು ಪೌಂಡು ಹನ್ನೆರಡು ಶಿಲಿಂಗು. ಬಸ್ಸಿನ ಒಡೆದ ಹಿಂಬದಿ ದೀಪಕ್ಕೆ ಹದಿನೈದು ಶಿಲಿಂಗು. ಬಸ್ಸಿನೊಳಗಿನ ಕುರಿಹಿಕ್ಕೆ ತೊಳೆಯಲು ಒಂದಿಡೀ ಭಾನುವಾರ. ಅದಕ್ಕೆ ಬೆಲೆ ಕಟ್ಟಿಲ್ಲ. ಇಷ್ಟಾದರೂ ನಾನು ಗೆದ್ದೆ ವಿನಿ!

ಪ್ರವಾಸ ಮುಗಿದ ಮೇಲೆ ಬರೆಯಲು ಐದು ದಿನ ತಡಮಾಡಿದ್ದಕ್ಕೆ ಬೈಯಬೇಡ. ನಿನ್ನ ಹೊಟ್ಟೆಯ ಆಪರೇಷನ್ನಿನ ಹೊಲಿಗೆ ಬಿಚ್ಚಿದರೆಂದು ನಿಮ್ಮಕ್ಕ ಬರೆದಿದ್ದಾಳೆ. ಮೋರ್‌ಕಮ್ಮಿನ ಸಮುದ್ರದ ಗಾಳಿಗೆ ದುಡ್ಡು ಕೊಡಬೇಕಿಲ್ಲ, ಎಷ್ಟು ಬೇಕಾದರೂ ಕುಡಿ.

ನೀನು ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ರೇಮಂಡ್ ಗೆಳೆಯರ ಮುಂದೆ ನನ್ನನ್ನು ಅಪ್ಪ ಎಂದನೇ? ತಾಳು, ಅಲ್ಲಿಗೇ ಬರುತ್ತಿದ್ದೇನೆ.

ಅವನ ಕಾಲೇಜಿನ ಪ್ರವಾಸಕ್ಕೆ ಎಲ್ಲರಿಗಿಂತ ಎರಡು ಪೌಂಡು ಕಡಿಮೆಗೆ ಬಸ್ಸು ಒಪ್ಪಿಕೊಂಡದ್ದು ಯಾಕೆಂದು ನಿನಗೆ ಗೊತ್ತು. ಕಾಲೇಜು ಸೇರಿದ ಮೇಲೆ ಅವನು ನನ್ನ ಜೊತೆ ಒಂದು ದಿನವೂ ಕಳೆದಿಲ್ಲ. ಆದರೆ ಡಾಕ್ಟರರ, ವಕೀಲರ ಮಕ್ಕಳ ನಡುವೆ ಅವನಿಗೆ ಮುಜುಗರವಾಗಬಾರದಲ್ಲ. ಅವನಾಗಿ ಹೇಳುವವರೆಗೆ ನಾನು ಬರೀ ಡ್ರೈವರು ಎಂದು ನಾನೇ ತೀರ್ಮಾನಿಸಿಕೊಂಡೆ. ಬೆಳಿಗ್ಗೆ ಅವನು ಬಸ್ಸು ಹತ್ತುವಾಗ ಟೋಪಿ ಮುಟ್ಟಿ, "ಬನ್ನಿ ಸರ್" ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ. ಹಿಂದಿನವರು ನೂಕಿದರು, ಒಳಗೆ ಹೋದ.

ಆಮೇಲೆ ಏನು ದಿನ ಅಂತೀಯ! ಬಟರ್‌ಟಬ್ಸ್ ಘಾಟಿಯ ಏರಿನಲ್ಲಿ ನಮ್ಮ ಹಳೇ ಬಸ್ಸು ಏದುಸಿರು ಬಿಡತೊಡಗಿದಾಗ ಮೂವತ್ತೊಂದು ಜನವೂ ಸೀಟಿನಲ್ಲಿ ಮುಂದಕ್ಕೆ ಬಾಗಿ, "ಹತ್ತು ಅಜ್ಜೀ, ಹತ್ತು!" ಎಂದು ಕೂಗಿದರು. ಅಜ್ಜಿ ಹತ್ತಿತು! ಮೇಲೆ ನಿಂತರೆ ಇಡೀ ಸ್ವೇಲ್‌ಡೇಲ್ ಕಣಿವೆ ಕಾಲಡಿ, ಒಂದೊಂದು ಹುಲ್ಲುಗಾವಲಿಗೆ ಒಂದೊಂದು ಕಲ್ಲುಕೊಟ್ಟಿಗೆ. ಭೂಗೋಳದ ಟೀಚರು ಮಿಸ್ ಪಿಕರ್ಸ್‌ಗಿಲ್, "ಸುಣ್ಣಕಲ್ಲು ನೋಡಿ!" ಎಂದರು. ಎಲ್ಲರೂ ಐಸ್‌ಕ್ರೀಮಿನವನನ್ನು ನೋಡುತ್ತಿದ್ದರು.

ಗಲಾಟೆ ಆದದ್ದು ಮಧ್ಯಾಹ್ನ. ಜಲಪಾತಕ್ಕೆ ಹೋಗುವ ಕಾಲುದಾರಿ ಆಲ್ಡರ್ಸನ್ ಎಂಬ ರೈತನ ಹುಲ್ಲುಗಾವಲಿನೊಳಗೆ ಹಾದುಹೋಗುತ್ತದೆ. ಅವನ ಗೇಟು ತೆರೆದಿತ್ತು, ಹಗ್ಗದಿಂದ ಗೋಡೆಗೆ ಕಟ್ಟಿಯೂ ಇತ್ತು. ಗೇಟು ಹೇಗಿತ್ತೋ ಹಾಗೇ ಬಿಟ್ಟುಹೋಗುವುದು ಹಳ್ಳಿಯ ಕಟ್ಟಳೆ. ತೆರೆದಿಟ್ಟವನಿಗೆ ಕಾರಣ ಇರುತ್ತದೆ. ಆದರೆ ಮಿಸ್ ಪಿಕರ್ಸ್‌ಗಿಲ್ ಬೆಳಿಗ್ಗೆಯಿಂದ, "ಮರ್ಯಾದಸ್ಥರು ಗೇಟು ಮುಚ್ಚಿ ಬರುತ್ತಾರೆ" ಎಂದು ಪಾಠ ಹೇಳಿದ್ದರು. ಜಲಪಾತ ನೋಡಿ ಬರುವಾಗ ಕೊನೆಯಲ್ಲಿದ್ದವನು ಹಗ್ಗ ಬಿಚ್ಚಿ, ಗೇಟು ಮುಚ್ಚಿ, ಅಗುಳಿ ಹಾಕಿದ. ಅವನು ನಮ್ಮ ರೇಮಂಡ್. ಓಣಿಯ ಬಾಯಲ್ಲಿ ನಿಂತಿದ್ದ ಬಸ್ಸಿನಿಂದ ನಾನು ನೋಡಿದೆ. ಕೂಗಬಹುದಿತ್ತು; ಕೂಗಿದರೆ ಮನೆಯಲ್ಲಿ ಕರೆಯುವ ಹಾಗೆ 'ರೇ' ಎಂದು ಕೂಗಬೇಕಲ್ಲ, ಸುಮ್ಮನಾದೆ.

ಐದು ನಿಮಿಷಕ್ಕೆ ಗುಡ್ಡದಿಂದ ಎಂಬತ್ತು ಕುರಿಗಳು ಓಣಿಯಲ್ಲಿ ಇಳಿದು ಬಂದವು. ಉಣ್ಣೆ ಕತ್ತರಿಸಲು ಆ ಗೇಟಿನೊಳಗೆ ತಿರುಗಬೇಕಾಗಿದ್ದವು ಅವು. ಗೇಟು ಮುಚ್ಚಿತ್ತು. ಓಣಿ ಹಿಡಿದು ನೆಟ್ಟಗೆ ದೊಡ್ಡ ರಸ್ತೆಯ ಕಡೆಗೆ, ನಮ್ಮ ಕಡೆಗೆ ನುಗ್ಗಿದವು! ಹಿಂದಿನಿಂದ ಆಲ್ಡರ್ಸನ್ ಅರಚುತ್ತಿದ್ದ: "ಯಾವ ಕತ್ತೆ ಮುಚ್ಚಿದ್ದು ನನ್ನ ಗೇಟನ್ನ?"

ನಾನು ಬಸ್ಸನ್ನು ಹಿಂದಕ್ಕೆ ತಿರುಗಿಸಿ ಓಣಿಗೆ ಅಡ್ಡ ನಿಲ್ಲಿಸಿದೆ. ಮೂಗು ಒಂದು ಗೋಡೆಗೆ, ಬಾಲ ಇನ್ನೊಂದಕ್ಕೆ. ಟಣ್ ಎಂದು ದೀಪ ಹೋಯಿತು. "ಇಳೀರಿ ಎಲ್ರೂ! ಮಳೆಕೋಟು ಬಿಚ್ಚಿ ಬಸ್ಸಿನ ಕೆಳಗಿನ ಸಂದಿಗೆ ಅಡ್ಡ ಹಿಡೀರಿ!" ವಕೀಲರ ಮಕ್ಕಳು ಕೆಸರಿನಲ್ಲಿ ಮಂಡಿಯೂರಿದರು. ಎರಡು ಮರಿಗಳು ಬಾಗಿಲಿನಿಂದ ಹಾರಿ ಮಿಸ್ ಪಿಕರ್ಸ್‌ಗಿಲ್ಲರ ಸೀಟಿಗೆ ಹತ್ತಿದವು. ಉಳಿದವು ನಿಂತವು, ನಮ್ಮನ್ನು ಗುರಾಯಿಸಿದವು, ತಿರುಗಿದವು. ಅಷ್ಟರಲ್ಲಿ ರೇಮಂಡ್ ಗೋಡೆಯ ಮೇಲೆ ಓಡಿ ಗೇಟು ತೆಗೆದಿದ್ದ.

"ಏ ಉದ್ದನೆಯವನೇ, ಮುಚ್ಚಿದ್ದು ನೀನಾ?" ಎಂದು ಆಲ್ಡರ್ಸನ್ ಅವನ ಮೇಲೆ ಏರಿಬಂದ.

"ನಾನೇ. ತಪ್ಪಾಯ್ತು."

"ಯಾರ ಮಗನಯ್ಯಾ ನೀನು? ಮನೇಲಿ ಹೇಳ್ಕೊಡೋರು ಯಾರೂ ಇಲ್ವಾ?"

ರೇಮಂಡ್ ನನ್ನ ಕಡೆ ಕೈ ತೋರಿಸಿದ. "ಇವ್ರ ಮಗ. ನಿಮ್ಮ ಕುರಿ ನಿಲ್ಲಿಸಿದ್ದೂ ಇವ್ರೇ."

ಗೆಳೆಯರೆಲ್ಲ ಅವನ ಬೆನ್ನಿಗೆ ಗುದ್ದಿದರು: "ಬೆಳಿಗ್ಗೆಯಿಂದ ಬಾಯಿ ಬಿಟ್ಟಿಲ್ವಲ್ಲೋ ಕಳ್ಳ!" ಆಲ್ಡರ್ಸನ್ ನಕ್ಕುಬಿಟ್ಟ. "ಮಗ ಗೇಟು ಮುಚ್ತಾನೆ, ಅಪ್ಪ ತಾನೇ ಗೇಟಾಗ್ತಾನೆ! ಬನ್ನಿ, ಟೀ ಕುಡೀರಿ." ಅವನ ಹೆಂಡತಿ ಎಲ್ಲರಿಗೂ ಹ್ಯಾಮ್ ಕೊಯ್ದುಕೊಟ್ಟಳು. ಹೊರಡುವಾಗ ಮಿಸ್ ಪಿಕರ್ಸ್‌ಗಿಲ್, "ಮುಂದಿನ ವರ್ಷದ ಮೂರೂ ಪ್ರವಾಸ ನಿಮ್ಮವೇ, ಸಗ್‌ಡೆನ್ ಅವರೇ. ಕುರಿಗಳಿಗೆ ಸೀಟು ಕೊಡಬೇಡಿ, ಅಷ್ಟೇ" ಎಂದರು.

ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ? ದೇವರು ನಿನ್ನ ಬೆನ್ನಿಗಿರಲಿ. ಕೆನ್ನೆ ತುಂಬಿಕೊಂಡು ಮನೆಗೆ ಬಾ.

ನಿನ್ನ
ಅರ್ನೆಸ್ಟ್

ತಾ.ಕ.: ಒಂದು ಮಾತು ಬಿಟ್ಟಿದ್ದೇನೆ. 'ಯಾರ ಮಗ' ಎಂದು ಅವನನ್ನು ಕೇಳುವ ಮೊದಲು ಆಲ್ಡರ್ಸನ್ ಕೇಳಿದ್ದು ನನ್ನನ್ನು. ರೇಮಂಡನನ್ನು ತೋರಿಸಿ, "ಈ ಹುಡುಗ ಯಾರು, ನಿನಗೆ ಗೊತ್ತಾ?" ಎಂದ. "ನನಗೇನು ಗೊತ್ತು, ನಾನು ಬಸ್ಸು ಓಡ್ಸೋನು" ಎಂದೆ. ಮಗನ ಮಾನ ಉಳಿಸಲು ಎಂದುಕೊಂಡೆ. ತಪ್ಪು ನನ್ನ ಮಗನದೆಂದು ತಿಳಿದರೆ ಕಾಲೇಜಿನ ಮುಂದಿನ ಬಾಡಿಗೆ ಕೈತಪ್ಪೀತೆಂಬ ಭಯವೂ ಇತ್ತು. ಗೇಟಿನಿಂದ ಬಂದ ರೇಮಂಡ್ ನನ್ನ ಪಕ್ಕದಲ್ಲೇ ನಿಂತಿದ್ದ ವಿನಿ. ಅದನ್ನು ಕೇಳಿಸಿಕೊಂಡ ಮೇಲೆ ಅವನು ಹಾಗೆ ಕೈ ತೋರಿಸಿದ್ದು.

ವಾಪಸು ಬರುವಾಗ ಮುಂದಿನ ಸೀಟಿಗೆ ಬಂದು ಕೇಳಿದ: "ಅಪ್ಪಾ, ನಾನು ಹೇಳ್ದೇ ಇದ್ದಿದ್ರೆ ನೀನು ಹೇಳ್ತಿದ್ಯಾ?" ನಾನು ಗೇರು ಬದಲಿಸಿದೆ. ಅವನು ಎದ್ದು ಗೆಳೆಯರ ಬಳಿಗೆ ಹೋದ.

ಯಾರಿಗೇನು ಸಿಕ್ಕಿತೆಂದು ಬರೆಯುತ್ತೇನೆ. ಆಲ್ಡರ್ಸನ್‌ಗೆ ಎಂಬತ್ತು ಕುರಿಯೂ ಸಿಕ್ಕಿದವು. ಮಿಸ್ ಪಿಕರ್ಸ್‌ಗಿಲ್‌ಗೆ ಅಗ್ಗದ ಬಸ್ಸು. ನನಗೆ ಮೂರು ಪ್ರವಾಸ, ಎಲ್ಲರೆದುರು ಒಬ್ಬ ಮಗ. ರೇಮಂಡನಿಗೆ ಇನ್ನೂ ಏನೂ ಇಲ್ಲ.